ಪಿಟೀಲಿನ ಮುಂದೆ ಒಂದು ಹೆಜ್ಜೆ

ಕಂಬರ್‌ಲ್ಯಾಂಡ್ ಹೊಳೆಯ ಸೇತುವೆಯ ಮೇಲೆ ಎಂಥ ಗಾಳಿ ಇತ್ತೆಂದರೆ, ಕಂಕುಳಲ್ಲಿದ್ದ ಹಲಗೆ ಹಾಯಿಯಂತೆ ತಿರುಗಿ ನನ್ನನ್ನೇ ಕಂಬಿಗೆ ಒತ್ತಿತು. ಬೆಳಗಿನ ಓಟಕ್ಕೆ ಬಂದಿದ್ದ ಒಬ್ಬಾತ ನಿಂತು, "ಏನಮ್ಮಾ, ಬಾಗಿಲು ಕಿತ್ಕೊಂಡು ಮನೆ ಬಿಟ್ಟು ಬಂದ್ರಾ?" ಎಂದ.

"ಬಾಗಿಲಲ್ಲಪ್ಪಾ, ಮಂಚ," ಎಂದೆ.

ಸುಳ್ಳೇನಲ್ಲ. ಹಿಂದಿನ ರಾತ್ರಿ ಲಾರಿಗಳು ತಂಗುವ ಕಡೆ ವ್ಯಾನ್ ನಿಲ್ಲಿಸಿ, ಹಾಸಿಗೆಯ ಅಡಿಗೆ ಅದೇ ಹಲಗೆ ಕೊಟ್ಟುಕೊಂಡು ಮಲಗಿದ್ದೆ. ಈಗ ವ್ಯಾನ್ ಹೊಳೆಯಾಚೆ ಇತ್ತು. ನ್ಯಾಶ್‌ವಿಲ್ ಪೇಟೆಯೊಳಗೆ ಗಾಡಿ ನಿಲ್ಲಿಸಲು ಕೇಳುವ ಬಾಡಿಗೆಗೆ ನಮ್ಮ ಕಡೆ ಮನೆಯನ್ನೇ ಕೊಟ್ಟಾರು.

ನಮ್ಮ ಕಡೆ ಎಂದರೆ ವರ್ಜೀನಿಯಾದ ಕಲ್ಲಿದ್ದಲ ಬೆಟ್ಟಗಳು. ಅಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ನನ್ನ ಕೆಲಸ. ಗಂಟೆ ಹೊಡೆದರೆ ಬಡಿಸಬೇಕು, ಗಂಟೆ ಹೊಡೆದರೆ ತೊಳೆಯಬೇಕು. ಮನೆಗೆ ಬಂದರೆ ಇಬ್ಬರು ಗಂಡುಮಕ್ಕಳ ಹೊಟ್ಟೆಯದು ಇನ್ನೊಂದು ಗಂಟೆ. ವಸಂತದ ರಜೆಗೆ ಮಕ್ಕಳನ್ನು ಅಕ್ಕ ಆರ್ಲೀನಳ ಮನೆಗೆ ಬಿಟ್ಟು, ಮಿಸಿಸಿಪ್ಪಿ ನದಿಯವರೆಗೆ ಒಬ್ಬಳೇ ಹೋಗಿ ಬರುತ್ತೇನೆಂದು ಹೊರಟಿದ್ದೆ. "ಒಬ್ಳೇ ಹೋಗಿ ಏನ್ ಕಡಿದು ಗುಡ್ಡೆ ಹಾಕ್ತೀಯೆ?" ಎಂದು ಆರ್ಲೀನ್ ಕೇಳಿದಳು. ನದಿ ನೋಡ್ತೀನಿ ಎಂದೆ. ಆದರೆ ನನಗೆ ಬೇಕಾಗಿದ್ದದ್ದು ನದಿಯಲ್ಲ. ದಾರಿಯಲ್ಲಿ ಸಿಗುವ, ಹಾಡಿಗೇ ಹೆಸರಾದ ಈ ಊರಿನಲ್ಲಿ, ನುಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಒಂದು ತಂಡದ ಜೊತೆ, ಒಂದೇ ಒಂದು ಹಾಡಿಗೆ ಕುಣಿಯಬೇಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಕ್ಕಳು ನಕ್ಕು ಉರುಳಾಡುತ್ತಿದ್ದರು.

ನಮ್ಮದು ಬೆಟ್ಟದ ಕುಣಿತ. ಕೈ ಆಡುವುದಿಲ್ಲ, ಸೊಂಟ ಆಡುವುದಿಲ್ಲ. ಪಾದ ಮಾತ್ರ ಹಲಗೆಗೆ ಅಂಟಿಕೊಂಡ ಹಾಗೇ ಇದ್ದು, ಹಿಮ್ಮಡಿಯಲ್ಲೂ ಬೆರಳ ತುದಿಯಲ್ಲೂ ಮಾತಾಡುತ್ತದೆ. ಕಲಿಸಿದವನು ಪಿಟೀಲು ನುಡಿಸುತ್ತಿದ್ದ ಸೋದರಮಾವ. "ಕಮಾನು ಹೋದ ಕಡೆ ಕಾಲು ಹೋಗ್ಬೇಕು ಮಗಳೇ, ಹಸು ಹಿಂದೆ ಕರು ಹೋದ ಹಾಗೆ. ಮುಂದೆ ನುಗ್ಗಿದ್ರೆ ಒದೆ ತಿಂತೀಯ," ಎನ್ನುತ್ತಿದ್ದ. ಹಾಗಾಗಿ ನನ್ನ ಕಣ್ಣು ಹುಟ್ಟಾ ಪಿಟೀಲಿನ ಕಮಾನಿನ ಮೇಲೆ.

ಬ್ರಾಡ್‌ವೇ ಬೀದಿಯಲ್ಲಿ ಬೆಳಗಾಗುತ್ತಲೇ ಬಾರುಗಳ ಕಿಟಕಿಗಳಿಂದ ಹಾಡು ಹೊರಗೆ ಚೆಲ್ಲುತ್ತಿರುತ್ತದೆ. ಮೊದಲ ಬಾರಿನವನು ಹಲಗೆ ನೋಡಿಯೇ ತಲೆ ಅಲ್ಲಾಡಿಸಿದ. ಎರಡನೆಯವನು, "ವೇದಿಕೆ ಹತ್ತೋ ಆಸೆ ಕುಡಿದ ಮೇಲೆ ಎಲ್ರಿಗೂ ಬರುತ್ತೆ ಮೇಡಂ. ನಿಮಗೆ ಮೊದಲೇ ಬಂದಿದೆ, ಅಷ್ಟೇ," ಎಂದ. ಹೊರಗೆ ಬಂದು, ಪಕ್ಕದ ಓಣಿಯ ಮೆಟ್ಟಿಲೊಂದರ ಮೇಲೆ ಕೂತು, ಡಬ್ಬಿಯಲ್ಲಿದ್ದ ತಣ್ಣನೆ ಬ್ರೆಡ್ಡು ತಿಂದೆ. ಸುಮ್ಮನೆ ನದಿ ನೋಡಲು ಹೋಗಿಬಿಡಲೇ ಅನ್ನಿಸಿತು.

ಓಣಿಯಲ್ಲಿ ಇನ್ನೊಂದು ಬಾರಿನ ಹಿಂದಿನ ಬಾಗಿಲಿನಿಂದ ಜಗಳ ಕೇಳಿಸಿತು.

"ಕೋಡಿ ಎಲ್ಲಿ?"

"ಹೆದ್ದಾರಿಯಲ್ಲಿ ಸಿಕ್ಕಾಕೊಂಡಿದಾನಂತೆ. ಮುಂದೆ ಲಾರಿ ಮಗುಚಿದೆಯಂತೆ."

"ಡ್ರಮ್ ಇಲ್ದೆ ಶುರು ಮಾಡೋಕೆ ಇದೇನು ಚರ್ಚಿನ ಪ್ರಾರ್ಥನೆನಾ? ಹತ್ತು ನಿಮಿಷ ಕೊಡ್ತೀನಿ. ಆಮೇಲೆ ಮಹಡಿ ಮೇಲಿನ ತಂಡಾನ ಕೆಳಗೆ ಕರೀತೀನಿ," ಎಂದು ಬಾರಿನ ಮೇಲ್ವಿಚಾರಕ ಒಳಗೆ ಹೋದ.

ಉಳಿದವರು ಇಬ್ಬರು. ಪಿಟೀಲು ಹಿಡಿದಿದ್ದ ಹೋಲಿಸ್ ಎಂಬ ತೆಳ್ಳನೆಯವನು ತಂಡದ ಮುಖ್ಯಸ್ಥ. ಆಳೆತ್ತರದ ಬೇಸ್ ವಾದ್ಯಕ್ಕೆ ಒರಗಿ ನಿಂತಿದ್ದವಳು ಮೇವಿಸ್, ಬಿಳಿಗೂದಲಿನ ದಪ್ಪ ಹೆಂಗಸು. "ನೀನೇ ಡ್ರಮ್ ಬಾರ್ಸು ಹೋಲಿಸ್. ಬೀರು ಹುಳಿಯಾದ್ರೆ ಆಗ್ಲಿ," ಎಂದು ಅವಳು ಕೆಣಕುತ್ತಿದ್ದಳು.

ನಾನು ಎದ್ದು ಹಲಗೆಯನ್ನು ನೆಲಕ್ಕೆ ಹಾಕಿದೆ. ಮಾತಾಡಿದ್ದರೆ ಧೈರ್ಯ ಸೋರಿಹೋಗುತ್ತಿತ್ತು. ಮಾತಾಡದೆ ಕುಣಿದೆ. ಓಣಿಯ ಎರಡೂ ಗೋಡೆಗಳು ಟಕಟಕ ಎಂದು ತಿರುಗಿ ಹೇಳಿದವು.

ಮೇವಿಸ್ ಕನ್ನಡಕ ಏರಿಸಿದಳು. "ಯಾವ ಬೆಟ್ಟದವಳೇ ತಂಗಿ ನೀನು?"

ಹೇಳಿದೆ.

"ಹೋಲಿಸ್, ನಿನ್ನ ಡ್ರಮ್ ನಡ್ಕೊಂಡು ಬಂದಿದೆ ನೋಡು."

ಹೋಲಿಸ್ ಹಿಂಜರಿದ. "ಅಕ್ಕಾ, ಒಳಗೆ ಇನ್ನೂರು ಜನ ಇದಾರೆ. ನೀವು ಎಡವಿದ್ರೆ ನನ್ನ ಜಾಗ ಹೋಗುತ್ತೆ."

"ನನ್ನದು ಹೋಗೋಕೆ ಇಲ್ಲಿ ಜಾಗವೇ ಇಲ್ಲ. ಒಂದು ಹಾಡು ಕೊಡಿ ಸಾಕು," ಎಂದೆ.

ಹೋಲಿಸ್ ಒಪ್ಪಿದ. ಒಳಗೆ ವೇದಿಕೆಯ ಮೇಲೆ ಮೈಕನ್ನು ಹಲಗೆಯ ಪಕ್ಕಕ್ಕೆ ಇಳಿಸಿದರು. ಎದುರಿಗೆ ಮದುವೆಗೆ ಮುಂಚಿನ ಮೋಜಿಗೆ ಬಂದ ಮದುವೆ ಹುಡುಗಿಯೊಬ್ಬಳ ಗೆಳತಿಯರ ದಂಡು, ಎಲ್ಲರ ಕಾಲಲ್ಲೂ ಗುಲಾಬಿ ಬೂಟು. ಹೋಲಿಸ್ ನಮ್ಮ ಬೆಟ್ಟದ್ದೇ ಒಂದು ಹಳೆಯ ಮಟ್ಟು ಎತ್ತಿದ. ನನ್ನ ಕಾಲು ತಾನಾಗಿ ಅದರ ಹಿಂದೆ ಹೋಯಿತು. ಮೊದಲ ಸುತ್ತು ಸರಾಗ. ಎರಡನೆಯದರಲ್ಲಿ ಏನೋ ಜಗ್ಗಿತು. ಮೂರನೆಯದಕ್ಕೆ ಬರುವಾಗ ಹಾಡು ಹೊರೆ ಹೊತ್ತ ಕತ್ತೆ ಏರು ಹತ್ತಿದ ಹಾಗೆ ಕಾಲೆಳೆಯತೊಡಗಿತ್ತು. ನಾನು ಹೋಲಿಸನ ಕಮಾನು ನೋಡುತ್ತಿದ್ದೆ, ಹೋಲಿಸ್ ನನ್ನ ಕಾಲು ನೋಡುತ್ತಿದ್ದ. ಅವನ ಹಣೆಯಲ್ಲಿ ಬೆವರು. ಗುಲಾಬಿ ಬೂಟುಗಳು ಬಾಗಿಲ ಕಡೆ ತಿರುಗಿದವು. ಮೇಲ್ವಿಚಾರಕ ಮಹಡಿಯ ಮೆಟ್ಟಿಲಿಗೆ ಕಾಲಿಟ್ಟ.

ಮೇವಿಸ್ ಬೇಸ್ ಸಮೇತ ನನ್ನ ಕಡೆ ವಾಲಿದಳು. "ಏನೇ ಮಾಡ್ತಿದೀಯ? ಅವ್ನು ನಿನ್ನ ಕಾಯ್ತಿದಾನೆ!"

"ನಾನು ಅವರನ್ನ ಕಾಯ್ತಿದೀನಿ!"

"ಅಯ್ಯೋ ನನ್ನ ಕರ್ಮವೇ! ಈ ಊರಲ್ಲಿ ಡ್ರಮ್ ಹೇಳಿದ ಹಾಗೆ ಎಲ್ರೂ ಕೇಳ್ತಾರೆ. ನೀನು ಕಾದ್ರೆ ನಾವು ಸಂಜೆವರೆಗೂ ಇಲ್ಲೇ ಇರ್ತೀವಿ. ಹೊರಡು ಮಾರಾಯ್ತಿ!"

ಕಮಾನಿನಿಂದ ಕಣ್ಣು ಕೀಳುವುದು ಹೇಳಿದಷ್ಟು ಸುಲಭವಲ್ಲ. ಮಗುವಾಗಿದ್ದಾಗಿನಿಂದ ಹಿಡಿದುಕೊಂಡಿದ್ದ ಕೈಯನ್ನು ಜಾತ್ರೆಯ ಗದ್ದಲದಲ್ಲಿ ಬಿಟ್ಟ ಹಾಗಾಯಿತು. ಕತ್ತು ತಿರುಗಿಸಿ ಜನರನ್ನು ನೋಡಿದೆ. ಯಾರನ್ನೂ ಕೇಳದೆ ಬಲ ಹಿಮ್ಮಡಿಯನ್ನು ಹಲಗೆಗೆ ಅಪ್ಪಳಿಸಿದೆ. ಪಿಟೀಲಿಗಿಂತ ಒಂದು ಕೂದಲಷ್ಟು ಮುಂದೆ. ಮತ್ತೆ ಒಂದು, ಇನ್ನೊಂದು.

ಪಿಟೀಲು ಓಡಿ ಬಂದು ನನ್ನ ಹಿಂದೆ ಸೇರಿಕೊಂಡಿತು.

ಮೈಯೆಲ್ಲ ಜುಮ್ಮೆಂದಿತು. ಇನ್ನೂ ಸ್ವಲ್ಪ ಬಿರುಸು ಮಾಡಿದೆ, ಅದೂ ಬಂತು. ಬೇಸಿನ ದಪ್ಪ ತಂತಿ ನನ್ನ ಹಿಮ್ಮಡಿಯ ಕೆಳಗೆ ಕಲ್ಲಿನ ತಳಪಾಯದಂತೆ ನಿಂತಿತು. ಬೆರಳತುದಿಯಲ್ಲಿ ಜೋಳ ಹುರಿದಂತೆ ಚಟಪಟ ಸಿಡಿಸಿದೆ, ಹೋಲಿಸ್ ಅದನ್ನೇ ತಂತಿಯ ಮೇಲೆ ಸಿಡಿಸಿ ನಕ್ಕ. ಬೀರು ತರುವ ಹುಡುಗಿಯರು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಗುಲಾಬಿ ಬೂಟುಗಳು ನೆಲ ಗುದ್ದತೊಡಗಿದವು, ತಾಳ ತಪ್ಪುತ್ತಾ, ಸಿಕ್ಕುತ್ತಾ. "ಹಾಕಮ್ಮಾ, ಹಾಕು!" ಎಂದು ಮೂಲೆಯಿಂದ ಯಾವನೋ ಕೂಗಿದ.

ಆಗ ನನಗೊಂದು ಕಿಡಿಗೇಡಿತನ ಹೊಳೆಯಿತು. ಹಾಡು ಬಿರುಸಿನ ನೆತ್ತಿಯಲ್ಲಿದ್ದಾಗ ಎತ್ತಿದ ಕಾಲನ್ನು ಇಳಿಸಲೇ ಇಲ್ಲ.

ಕಮಾನು ತಂತಿಯ ಮೇಲೆ ನಿಂತಿತು. ಬೇಸ್ ಉಸಿರು ಕಟ್ಟಿತು. ಇನ್ನೂರು ಜನರ ಬೂಟುಗಳು ಗಾಳಿಯಲ್ಲಿ. ಇಡೀ ಬಾರು ನನ್ನ ಒಂದು ಪಾದವನ್ನು ನೋಡುತ್ತಾ ಕಾದಿತ್ತು. ಅವರನ್ನು ಕಾಯಿಸಿದೆ. ಎಂಥ ಸುಖ ಅದು! ಆಮೇಲೆ ಇಳಿಸಿದೆ. ಕಟ್ಟಡವೇ ನನ್ನ ಜೊತೆ ನೆಲಕ್ಕೆ ಬಿದ್ದ ಹಾಗೆ ಸದ್ದಾಯಿತು.

ಹಾಡು ಮುಗಿದಾಗ ಕೇಕೆ, ಸಿಳ್ಳೆ. ಮೇಲ್ವಿಚಾರಕ ಮೆಟ್ಟಿಲು ಇಳಿದು ಬಂದು, ನನ್ನ ಪಕ್ಕ ಒಂದು ಲೋಟ ನೀರಿಟ್ಟು ಹೋದ. ನಾನು ಹಲಗೆ ಎತ್ತಲು ಬಗ್ಗಿದೆ. ಒಂದು ಹಾಡು ಎಂದಿದ್ದೆ, ಆಗಿತ್ತು.

"ಎಲ್ಲಿಗೆ?" ಎಂದಳು ಮೇವಿಸ್.

"ಮಿಸಿಸಿಪ್ಪಿ ನೋಡೋಕೆ."

"ಅದು ಎಲ್ಲೂ ಓಡಿ ಹೋಗಲ್ಲ, ಕೂತ್ಕೊಂಡಿರುತ್ತೆ. ಹಲಗೆ ಕೆಳಗಿಡು."

ಅಷ್ಟರಲ್ಲಿ ಜನರ ನಡುವೆ ನುಗ್ಗಿಕೊಂಡು ಡ್ರಮ್ಮಿನ ಕೋಡಿ ಬಂದ, ಮೀಸೆ ಬಲಿತ ದಡೂತಿ ಆಸಾಮಿ, ಏದುಸಿರು. ಕೊನೆಯ ಸುತ್ತನ್ನು ಬಾಗಿಲಲ್ಲೇ ನಿಂತು ಕೇಳಿದ್ದನಂತೆ. ತನ್ನ ಜಾಗದಲ್ಲಿ ಕೂತು, ಕೋಲು ಎತ್ತಿಕೊಂಡು, ಹೋಲಿಸ್ ಕಡೆ ನೋಡಿದ. ಹೋಲಿಸ್ ಕಮಾನಿನ ತುದಿಯನ್ನು ನನ್ನ ಕಡೆ ತೋರಿಸಿದ.

"ಎಷ್ಟು ಬಿರುಸು ಇರ್ಲಿ ಅಕ್ಕಾ?" ಎಂದ ಕೋಡಿ.

"ನಿನ್ನ ಕೈಯಲ್ಲಿ ಆಗುತ್ತಾ ನೋಡ್ಕೋ," ಎಂದು ಹಿಮ್ಮಡಿ ಎತ್ತಿದೆ.