ಹಿಂಡಬಾರದ ಬಟ್ಟೆ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪ್ರೇಮಕುಮಾರಿಯವರ ಮನೆಯ ನಲ್ಲಿಗೆ ಕೊನೆಯ ಸಲ ನೀರು ಬಂದು ಹನ್ನೊಂದು ದಿನವಾಗಿತ್ತು.

ಹಾಸನಕ್ಕೆ ಅದು ಬರಗಾಲದ ಏಪ್ರಿಲ್. ಒಳಗಿನ ಕೋಣೆಯಲ್ಲಿ ಮಗಳು ಶಿವರಂಜನಿ, ಅವಳ ಹನ್ನೆರಡು ದಿನದ ಕೂಸು. ಬಾಣಂತಿಗೂ ಕೂಸಿಗೂ ದಿನಾ ಎರೆಯಲು ಕಡಿಮೆಯೆಂದರೂ ಮೂರು ಕೊಡ ನೀರು ಬೇಕು. ಡ್ರಮ್ಮಿನಲ್ಲಿ ಉಳಿದದ್ದು ಒಂದು ಕೊಡ.

ಟ್ಯಾಂಕರ್ ಓಡಿಸುವ ದೇವರಾಜ್ ಗೇಟಿನ ಮುಂದೆ ದರ ಹೇಳಿದ. ಜನವರಿಯಲ್ಲಿ ಐನೂರಿದ್ದ ಲೋಡು ಈಗ ಸಾವಿರದ ಇನ್ನೂರು.

"ಅರ್ಧ ಲೋಡ್ ಕೊಡಪ್ಪ."

"ಅರ್ಧ ಗಿರ್ಧ ಇಲ್ಲ ಕಣಕ್ಕ. ತಗಂಡ್ರೆ ಫುಲ್ಲು."

"ನಮ್ಮನೇಲಿರೋದೇ ಎರಡು ಡ್ರಮ್ಮು. ಮಿಕ್ಕಿದ್ದನ್ನ ನಿನ್ ತಲೆ ಮ್ಯಾಲೆ ಉಯ್ಯಾನಾ?"

"ಉಯ್ದ್ರೆ ಪುಣ್ಯ ಬತ್ತದೆ. ನಾನು ಸ್ನಾನ ಮಾಡಿ ಮೂರು ದಿನ ಆಯ್ತು," ಎಂದು ದೇವರಾಜ್ ಗಾಡಿ ಹೊರಡಿಸಿದ.

ಪಕ್ಕದ ಕಾಂಪೌಂಡಿನಿಂದ ರಾಜೀಮತಿ ಕರೆದರು. ಅವರದು ಜೈನರ ಮನೆ. ಬೀದಿಯಲ್ಲಿ ಮುಚ್ಚದೆ ಉಳಿದ ಬಾವಿ ಅವರದೊಂದೇ. ಸೇದಿದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ನಿಂತ ಸಣ್ಣ ಜೀವಗಳನ್ನು ಅದೇ ನೀರಿಗೆ ಮರಳಿ ಬಿಡುವುದು ಆ ಮನೆಯ ಪದ್ಧತಿ. ಮೋಟರಿಗೆ ಸಿಕ್ಕರೆ ಆ ಜೀವಗಳು ಉಳಿಯವು ಎಂದು ಬಾವಿಗೆ ಅದನ್ನು ಇಟ್ಟಿರಲಿಲ್ಲ. "ನಲ್ಲಿ ನೀರು ಸೋಸಿದ್ರೆ ಬಟ್ಟೆ ತೊಳೆಯೋಕೆ ಆ ನೀರು ಬರೋ ಗೊರೂರು ಡ್ಯಾಮಿಗೆ ಬಸ್ ಹತ್ತಬೇಕು," ಎಂದು ರಾಜೀಮತಿಯ ಪತಿ ನೇಮಿರಾಜಯ್ಯ, ಬಾವಿ ಮುಚ್ಚಿಸಿ ಎಂದವರಿಗೆ ಹೇಳುತ್ತಿದ್ದರು. ಅವರು ಪ್ರತಿ ಸಂಜೆ ಹಗ್ಗ ಬಿಟ್ಟು ನೀರು ಅಳೆಯುತ್ತಿದ್ದರು. ಈಗ ಮೂರು ಅಡಿ ಇತ್ತು. ದಿನಕ್ಕೆ ಆರು ಕೊಡಕ್ಕಿಂತ ಹೆಚ್ಚು ಸೇದದಿದ್ದರೆ ಮಾತ್ರ ಅಷ್ಟು ಉಳಿಯುತ್ತಿತ್ತು.

"ಮೂರು ನಿಂದು, ಮೂರು ನಮ್ದು," ಎಂದರು ರಾಜೀಮತಿ.

"ಎಷ್ಟು ಕೊಡ್ಲಿ ಅಕ್ಕ?"

"ದುಡ್ಡು ಬೇಡ. ಇಲ್ಲೇ ಸೋಸ್ಕೊ. ಬಟ್ಟೆ ಜಾಲಿಸಿದ ನೀರನ್ನ ಬಾವಿಗೇ ಬಿಡು. ಅದೇ ರೇಟು."

ಮೂರು ದಿನ ಬಾಣಂತಿಯ ಸ್ನಾನ ತಪ್ಪಲಿಲ್ಲ. ನಾಲ್ಕನೇ ದಿನ, ಬಟ್ಟೆಯಲ್ಲಿ ಒಂದು ಲೋಟದಷ್ಟು ನೀರು ಉಳಿದದ್ದನ್ನು ಕಂಡು ಪ್ರೇಮಕುಮಾರಿ ಅದನ್ನು ಗಟ್ಟಿಯಾಗಿ ಕೊಡಕ್ಕೆ ಹಿಂಡಿದರು.

"ಅಯ್ಯೋ ಪ್ರೇಮಾ, ಹಿಂಡ್ಬ್ಯಾಡ ಕಣೆ! ಸೋಸೋದು ಉಳಿಸೋಕೆ. ನೀನು ಹಿಂಡಿ ಸಾಯಿಸ್ಬುಟ್ಟಲ್ಲ!"

ರಾಜೀಮತಿ ಮುಖ ತಿರುಗಿಸಿ ಒಳಗೆ ಹೋದರು.

ಮರುದಿನ ಆರಕ್ಕೆ ಅವರು ಹೊರಗೆ ಬರಲಿಲ್ಲ. ಆರೂವರೆಗೂ ಬರಲಿಲ್ಲ. ಪ್ರೇಮಕುಮಾರಿ ಖಾಲಿ ಕೊಡ ಹಿಡಿದು ಗೇಟಿನಲ್ಲೇ ನಿಂತರು. ಕೇಳದೆ ಬಾವಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಮನೆಯಿಂದ ಕೂಸಿನ ಅಳು ಕೇಳುತ್ತಿತ್ತು. ಮೊಬೈಲಿನಲ್ಲಿ ದೇವರಾಜನ ನಂಬರು ತೆಗೆದರು.

ಅಷ್ಟರಲ್ಲಿ ನೇಮಿರಾಜಯ್ಯ ಜಗಲಿಗೆ ಬಂದರು. "ಯಾಕಮ್ಮ ಅಲ್ಲೇ ನಿಂತೆ? ಇವತ್ತು ಚತುರ್ದಶಿ, ಅವಳಿಗೆ ಉಪವಾಸ. ಜಪಕ್ಕೆ ಕೂತವ್ಳೆ. ಬೆಳಕು ಹರೀತಿದ್ದಂಗೆ ಸೇದಿ, ಸೋಸಿ ಇಟ್ಟವ್ಳೆ ನೋಡು."

ಬಾವಿಕಟ್ಟೆಯ ಮೇಲೆ ಐದು ಕೊಡಗಳಿದ್ದವು.

"ನಮ್ದು ಮೂರಲ್ವಾ?"

"ಇವತ್ತು ಒಲೆ ಹಚ್ಚಲ್ಲ. ನಮಗೆ ಒಂದು ಸಾಕು. ಮಿಕ್ಕಿದ್ದೆರಡು ಕೂಸಿಗಂತೆ."

"ನಿನ್ನೆ ಹಿಂಡಿದ್ದಕ್ಕೆ ಸಿಟ್ಟಿಲ್ವಾ ಅಕ್ಕಂಗೆ?"

"ಇತ್ತು. ಸಾಯಂಕಾಲಕ್ಕೆ ಹೋಯ್ತು. ನನ್ ಮೇಲಿನ ಸಿಟ್ಟಾದ್ರೆ ನಾಲ್ಕು ದಿನ ಇರ್ತದೆ."

ಪ್ರೇಮಕುಮಾರಿ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ದಿನ ಶಿವರಂಜನಿಗೆ ತಲೆಗೂ ಎರೆದರು.

ನಲ್ಲಿ ನೀರು ನಿಂತ ಹದಿನೇಳನೇ ದಿನ ಬೆಳಿಗ್ಗೆ ಐದೂವರೆಗೆ ನಲ್ಲಿಗೆ ನೀರು ಬಂತು. ನಲವತ್ತು ನಿಮಿಷ ಬಂತು. ಪ್ರೇಮಕುಮಾರಿ ತಮ್ಮ ಡ್ರಮ್ಮಿಗಿಂತ ಮೊದಲು, ಪಾತ್ರೆ ಬಟ್ಟೆ ತೊಳೆಯಲಾಗಲಿ ಎಂದು ರಾಜೀಮತಿಯ ಮನೆಗೆ ಆರು ಕೊಡ ಹೊತ್ತು ಹಾಕಿದರು. ಆ ದಿನ ಬಾವಿಯಿಂದ ಸೇದಿದ್ದು, ಕುಡಿಯಲೆಂದು, ಒಂದೇ ಕೊಡ. ಸಂಜೆ ನೇಮಿರಾಜಯ್ಯ ಹಗ್ಗ ಬಿಟ್ಟು ಅಳೆದರು. ಮೂರು ಅಡಿ ಎರಡು ಇಂಚು.