ಬೋರ್ಡಿನ ಆರನೇ ಹೆಸರು

ಬಾಗಲಗುಂಟೆಯ ಹಾರ್ಡ್‌ವೇರ್ ಅಂಗಡಿಯ ಮೇಲಿನ ತಗಡಿನ ಸೂರಿನ ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಶುಕ್ರವಾರ ಮೂವತ್ತು ಜನ ಖಾಲಿ ಹೊಟ್ಟೆಯಲ್ಲಿ ಮೊಣಕಾಲೂರಿ, ಒಬ್ಬ ಸತ್ತ ಮನುಷ್ಯನ ಕುಡಿತ ಬಿಡಿಸಪ್ಪಾ ಎಂದು ದೇವರನ್ನು ಬೇಡುತ್ತಿದ್ದರು. ಅವನು ಸತ್ತಿದ್ದಾನೆಂದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೇ: ದೇವರಿಗೆ, ಮತ್ತು ಮೂರನೇ ಸಾಲಿನ ಮಹಾದೇವಿಗೆ. ದೇವರು ಸುಮ್ಮನಿದ್ದ. ಮಹಾದೇವಿಯೂ ಸುಮ್ಮನಿದ್ದಳು.

ಸುಳ್ಳು ಹೇಳಲೇಬೇಕೆಂದು ಹೇಳಿದವಳಲ್ಲ, ಪಾಪ. ಗದಗಿನ ಕಡೆಯವಳು, ಪೀಣ್ಯದ ಸ್ವಿಚ್ ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟಿನ ಪ್ಯಾಕಿಂಗ್ ಕೆಲಸ. ಗಂಡ ಚನಬಸಪ್ಪ ಗಾರೆ ಕೆಲಸದವನು. ಮೂರು ವರ್ಷದ ಹಿಂದೆ ಕಾಡುಗೋಡಿಯ ಯಾವುದೋ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ಅಂದಿನಿಂದ ವಠಾರದಲ್ಲಿ ಇವಳಿಗೆ ಹೆಸರೇ ಇಲ್ಲ, 'ಆ ಗಂಡ ಸತ್ತೋಳು' ಅಷ್ಟೇ. ಬೆಳಿಗ್ಗೆ ಎದುರು ಸಿಕ್ಕರೆ ಓನರಮ್ಮ ತಿರುಗಿ ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಿದ್ದಳು. ಗೌರಿ ಹಬ್ಬದ ಅರಿಶಿನ ಕುಂಕುಮದ ತಟ್ಟೆ ಎಲ್ಲರ ಬಾಗಿಲಿಗೂ ಬರುತ್ತಿತ್ತು, ಇವಳ ಬಾಗಿಲೊಂದು ಬಿಟ್ಟು.

ಹೋದ ವರ್ಷ ಒಂದು ಶುಕ್ರವಾರ ಹಾಡು ಕೇಳಿಸಿತೆಂದು ತಾನೇ ಆ ಮೆಟ್ಟಿಲು ಹತ್ತಿದಳು. ಒಳಗೆ ನೋಡಿದರೆ ಸಾಲು ಸಾಲು ಹೆಂಗಸರು. ಬಿಳಿ ಸೀರೆ, ಬರಿಗೊರಳು, ಬರಿಗೈ, ಬೋಳು ಹಣೆ. ಅಯ್ಯೋ ಶಿವನ, ಇವ್ರೆಲ್ಲಾ ನನ್ನಂಗ ಗಂಡನ್ನ ಕಳಕೊಂಡವ್ರೇನು ಎಂದು ಬಾಗಿಲಲ್ಲೇ ನಿಂತಳು. ಆಗ ಪಾಸ್ಟರಮ್ಮ ಶ್ಯಾಮಲಾ ಬಂದು ಕೈ ಹಿಡಿದು, "ಯಜಮಾನ್ರು ಬರಲಿಲ್ವಾ ಸಿಸ್ಟರ್?" ಎಂದು ಕೇಳಿದಳು.

ಆಗ ಗೊತ್ತಾಯಿತು. ಇಲ್ಲಿ ವಿಶ್ವಾಸಿ ಹೆಂಗಸರು ಒಡವೆ, ಹೂವು, ಕುಂಕುಮ ಯಾವುದನ್ನೂ ಮುಟ್ಟುವುದಿಲ್ಲ. ಮುತ್ತೈದೆ ಯಾರು, ಗಂಡ ಸತ್ತವಳು ಯಾರು, ನೋಡಿ ಹೇಳುವಂತೆಯೇ ಇಲ್ಲ!

"ಇಲ್ರೀ, ಬಂದಿಲ್ಲ," ಎಂದಳು. ಅದು ಸುಳ್ಳೂ ಅಲ್ಲ.

"ಕುಡೀತಾರಾ?" ಶ್ಯಾಮಲಾಳ ದನಿಯಲ್ಲಿ ಎಷ್ಟು ಕರುಣೆಯಿತ್ತೆಂದರೆ ಮಹಾದೇವಿಯ ತಲೆ ತಾನಾಗಿಯೇ ಹೌದೆಂದು ಆಡಿಬಿಟ್ಟಿತು. ಹೆಸರು ಕೇಳಿ, 'ರಕ್ಷಣೆ ಹೊಂದಬೇಕಾದವರು' ಎಂದಿದ್ದ ಬೋರ್ಡಿನಲ್ಲಿ ಶ್ಯಾಮಲಾ ಸೀಮೆಸುಣ್ಣದಿಂದ ಆರನೆಯದಾಗಿ ಬರೆದಳು: ಬ್ರದರ್ ಚನಬಸಪ್ಪ.

ಅವತ್ತೇ ಬಾಯಿ ಬಿಡಬಹುದಿತ್ತು. ಆದರೆ ಮೂವತ್ತು ಗಂಟಲು ಒಟ್ಟಿಗೆ ಅವನ ಹೆಸರು ಕೂಗಿದಾಗ ಅವಳಿಗೆ ಮೈ ಜುಮ್ಮೆಂದಿತು. ಊರಲ್ಲಿ ಅವನ ಹೆತ್ತ ತಾಯಿಯೂ ಹೆಸರೆತ್ತುವುದನ್ನು ಬಿಟ್ಟಿದ್ದಳು. ಇಡೀ ಭೂಮಿಯ ಮೇಲೆ ಚನಬಸಪ್ಪ ಎಂಬ ಮನುಷ್ಯನನ್ನು ಯಾರಾದರೂ ನೆನೆಯುತ್ತಿದ್ದರೆ ಅದು ಈ ತಗಡಿನ ಕೆಳಗೆ, ವಾರಕ್ಕೊಂದು ಸಲ. ಆ ಒಂದು ಗಳಿಗೆಗಾಗಿ ಮಹಾದೇವಿ ಆರು ದಿನ ಸ್ವಿಚ್ಚು ಪ್ಯಾಕ್ ಮಾಡುತ್ತಿದ್ದಳು.

ಹೀಗೇ ನಡೆಯುತ್ತಿತ್ತೇನೋ. ಆದರೆ ಅವಳ ದೀಕ್ಷಾಸ್ನಾನಕ್ಕೆ ದಿನ ನಿಗದಿಯಾಯಿತು. ಪಾಸ್ಟರ್ ದೇವರಾಜ್ ಪಾಠ ಹೇಳುತ್ತಾ, "ಪರಿಶುದ್ಧ ಜೀವನ ಅಂದ್ರೆ ಬಿಳಿ ಸೀರೆ ಅಲ್ಲಮ್ಮಾ. ಒಳಗೊಂದು ಹೊರಗೊಂದು ಇರಬಾರದು, ಅಷ್ಟೇ. ಭಾನುವಾರ ನೀರಿಗಿಳಿಯೋ ಮುಂಚೆ ಏನಾದ್ರೂ ಇದ್ರೆ ಹೇಳ್ಬಿಡಿ," ಎಂದರು.

ಮಹಾದೇವಿ ಲೆಕ್ಕ ಹಾಕಿದಳು. ಹೇಳದಿದ್ದರೆ ದೇವರ ಮುಂದೆಯೇ ನಾಟಕ. ಹೇಳಿದರೆ ಹೆಸರು ಹೋಗುತ್ತದೆ. ಅವಳಿಗೆ ಇಬ್ಬರೂ ಬೇಕಾಗಿದ್ದರು, ದೇವರೂ ಚನಬಸಪ್ಪನೂ.

ಶುಕ್ರವಾರ, ಒಬ್ಬೊಬ್ಬರೇ ತಮ್ಮ ಅನುಭವದ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತಳು. "ನಮ್ಮನಿಯವ್ರು ತೀರಿಕೊಂಡು ಮೂರು ವರ್ಷ ಆತ್ರೀ. ನಾ ಸುಳ್ಳು ಹೇಳೇನಿ," ಎಂದಳು. ಮೊದಲು ಬಾಯಿ ಬಿಟ್ಟವಳು ಮುಂದಿನ ಸಾಲಿನ ಮುದುಕಿ ಲಕ್ಷ್ಮಮ್ಮ.

"ಅಯ್ಯೋ ನಿನ್ ಮನೆ ಕಾಯೋಗ! ಸಕ್ಕರೆ ಕಾಯ್ಲೆ ಇಟ್ಕೊಂಡು ನಲವತ್ತು ಸುಕ್ರವಾರ ಉಪಾಸ ಇದ್ನಲ್ಲೇ, ಆ ಗಂಡಸಿಗೋಸ್ಕರ!"

ಲಕ್ಷ್ಮಮ್ಮ ರಕ್ಷಣೆ ಹೊಂದಿ ಹತ್ತು ವರ್ಷವಾಗಿತ್ತು. ಅವಳ ಬಾಯಿ ಮಾತ್ರ ಇನ್ನೂ ಹೊಂದಿರಲಿಲ್ಲ. ಪಾಸ್ಟರ್ ಅವಳನ್ನು ಸುಮ್ಮನಾಗಿಸಿ, "ನಿಜ ಹೇಳಿದ್ರಿ ಸಿಸ್ಟರ್, ದೇವರು ಕ್ಷಮಿಸಿದ್ದಾನೆ," ಎಂದರು. ಆಮೇಲೆ ಮೆಲ್ಲಗೆ, "ಸತ್ತವರಿಗೋಸ್ಕರ ನಾವು ಪ್ರಾರ್ಥನೆ ಮಾಡಲ್ಲಮ್ಮಾ," ಎಂದೂ ಹೇಳಿದರು. ಶ್ಯಾಮಲಾ ಒದ್ದೆ ಬಟ್ಟೆಯಿಂದ ಆರನೇ ಹೆಸರನ್ನು ಒರೆಸಿದಳು.

ಭಾನುವಾರ ನಾಗಸಂದ್ರದಾಚೆ ಒಂದು ತೋಟದ ತೊಟ್ಟಿಯಲ್ಲಿ ದೀಕ್ಷಾಸ್ನಾನವಾಯಿತು. ನೀರಿನಿಂದೆದ್ದಾಗ ಮನಸ್ಸು ನಿಜಕ್ಕೂ ಹಗುರಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಮುಂದಿನ ಶುಕ್ರವಾರ ಮಾತ್ರ ಪ್ರಾರ್ಥನೆ ಐದನೇ ಹೆಸರು ಮುಗಿಸಿ, ಒಂದು ಉಸಿರೂ ನಿಲ್ಲದೆ ಏಳನೆಯದಕ್ಕೆ ಹೋಯಿತು. ಚನಬಸಪ್ಪನನ್ನು ಮಣ್ಣು ಮಾಡಿದ ದಿನ ಅವಳ ಸುತ್ತ ಜನವಾದರೂ ಇದ್ದರು. ಇವತ್ತು ಅವನು ಹೋದದ್ದನ್ನು ಅವಳೊಬ್ಬಳೇ ನೋಡಿದಳು. ಉಳಿದವರ ಹೆಸರುಗಳಿಗೆಲ್ಲ ಆಮೆನ್ ಅಂದಳು.

ಸಭೆ ಮುಗಿದು ಕೆಳಗಿಳಿದವಳು ವಠಾರದ ಕಡೆ ಹೊರಡಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟಳು. ಹಿಂದಿನಿಂದ ಲಕ್ಷ್ಮಮ್ಮ ಗೋಡೆ ಹಿಡಿದು ಇಳಿದು ಬಂದು, ಉಸ್ಸಪ್ಪಾ ಎಂದು ಪಕ್ಕದಲ್ಲೇ ಕುಕ್ಕರಿಸಿದಳು. ಸಿಟ್ಟಿನ್ನೂ ಇಳಿದಿರಲಿಲ್ಲ.

"ನಲವತ್ತು ವಾರ ಬೇಡ್ಕೊಂಡಿವ್ನಿ. ಎಂಗಿದ್ದ ಅಂತಾನಾದ್ರೂ ಯೋಳು."

ಮೂರು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಮಹಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕುಡೀತಿದ್ದಿಲ್ರೀ ಯವ್ವಾ," ಎಂದಳು. "ಚಾ ಸೈತ ಕುಡೀತಿದ್ದಿಲ್ಲ."