ಒಂಬತ್ತನೇ ನಂಬರಿನ ಬ್ಯಾಟರಿ

ಅಣ್ಣನ ಬುದ್ಧಿಯ ಬಗ್ಗೆ ಪುಟ್ಟಿಗೆ ಯಾವ ಭ್ರಮೆಯೂ ಇರಲಿಲ್ಲ. ಕ್ಯಾಮೆರಾ ಬ್ಯಾಟರಿಗಳನ್ನು ಫ್ರಿಜ್ಜಿನಲ್ಲಿಟ್ಟು ಸಾಕುವ ಮನುಷ್ಯನ ಬಗ್ಗೆ ಯಾರಿಗೆ ತಾನೇ ಭ್ರಮೆ ಇದ್ದೀತು? ನಲವತ್ತು ದಾಟಿದರೂ ಮನೆಮಂದಿಗೆಲ್ಲ ಪುಟ್ಟಿಯಾಗಿಯೇ ಉಳಿದಿದ್ದ ಅವಳು, ಅಪ್ಪ ಬಿಟ್ಟುಹೋದ ಸ್ಟುಡಿಯೋವನ್ನು ಅಣ್ಣನ ಜೊತೆ ನಡೆಸುತ್ತಿದ್ದಳು. ಫೋಟೋ ತೆಗೆಯುವವಳು ಅವಳು. ಬ್ಯಾಟರಿ ಕಾಯುವವನು ಅವನು.

ಕೆಳಗೆ ಸ್ಟುಡಿಯೋ, ಮೇಲೆ ಮನೆ. ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಗೂ ಟೊಮೇಟೊಗೂ ನಡುವೆ ಗಾಳಿಯಾಡದ ಒಂದು ಡಬ್ಬಿ, ಅದರಲ್ಲಿ ಹನ್ನೆರಡು ಬ್ಯಾಟರಿ. ಒಂದೊಂದರ ಬೆನ್ನಿಗೂ ನಂಬರಿನ ಚೀಟಿ, ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ. ಪೂರ್ತಿ ಚಾರ್ಜ್ ಮಾಡಿ ಇಡುವಂತಿಲ್ಲ, ಪೂರ್ತಿ ಖಾಲಿ ಮಾಡಿ ಇಡುವಂತೆಯೂ ಇಲ್ಲ. ಕೆಲಸವಿಲ್ಲದ ಬ್ಯಾಟರಿ ನಲವತ್ತು ಪರ್ಸೆಂಟಿನಲ್ಲಿ ಮಲಗಿರಬೇಕು. ಡಬ್ಬಿಯನ್ನು ಹೊರಗೆ ತೆಗೆದರೆ ಒಂದು ಗಂಟೆ ಮುಚ್ಚಳ ಬಿಚ್ಚದೆ ಕಾಯಬೇಕು, ಇಲ್ಲದಿದ್ದರೆ ಬ್ಯಾಟರಿಯ ಮೈಯೆಲ್ಲ ಬೆವರುತ್ತದಂತೆ. ಇದಕ್ಕೆಲ್ಲ ಒಂದು ನೋಟ್‌ಬುಕ್ಕು ಬೇರೆ. ಯಾವ ಬ್ಯಾಟರಿ ಯಾವತ್ತು ಮನೆಗೆ ಬಂತು, ಎಷ್ಟು ಸಲ ಉಂಡಿತು, ಯಾವಾಗಿನಿಂದ ಸುಸ್ತಾಗುತ್ತಿದೆ ಎಂಬುದೆಲ್ಲ ಅದರಲ್ಲಿತ್ತು. ಸ್ವಂತ ಮಗಳಿಗೆ ಯಾವ ತಿಂಗಳಲ್ಲಿ ಹಲ್ಲು ಬಂತು ಎಂದು ಕೇಳಿದರೆ ಅದೇ ಅಣ್ಣ ಹೆಂಡತಿಯ ಮುಖ ನೋಡುತ್ತಿದ್ದ.

ಅತ್ತಿಗೆಯನ್ನೂ ಪುಟ್ಟಿ ಲೆಕ್ಕಕ್ಕಿಟ್ಟಿರಲಿಲ್ಲ. ಅತ್ತಿಗೆಯ ಫೋನಿನ ಗಾಜು ಒಡೆದಿತ್ತು. ಚಾರ್ಜಿಗೆ ಹಾಕುವುದು ನೆನಪಾದರೆ ಹಾಕಿದಳು, ಇಲ್ಲದಿದ್ದರೆ ಇಲ್ಲ. ಒಲೆಯ ಪಕ್ಕದಲ್ಲೇ ಬಿದ್ದಿರುತ್ತಿತ್ತು. ಅದರಲ್ಲಿ ಅವಳು ತೆಗೆದ ಫೋಟೋಗಳಲ್ಲೆಲ್ಲ ಒಂದು ಮೂಲೆಗೆ ಅವಳದೇ ಬೆರಳು.

"ಅತ್ತಿಗೆ, ಈ ಬೆರಳಿಗೂ ಒಂದು ಫ್ರೇಮ್ ಹಾಕಿಸಿಬಿಡಿ," ಎಂದು ಪುಟ್ಟಿ ಆಡಿಕೊಳ್ಳುತ್ತಿದ್ದಳು. ಅತ್ತಿಗೆಯೂ ನಗುತ್ತಿದ್ದಳು.

ಎಂಟು ತಿಂಗಳ ಹಿಂದೆ ಪುಟ್ಟಿಗೆ ನಲವತ್ತು ಪರ್ಸೆಂಟಿನ ಈ ಕಾಟ ಸಾಕಾಗಿ, ಡಬ್ಬಿಯಿಂದ ಒಂಬತ್ತನೇ ನಂಬರನ್ನು ಎಗರಿಸಿದ್ದಳು. ಹೊಟ್ಟೆ ತುಂಬ ಚಾರ್ಜ್ ಮಾಡಿ, ಸ್ಟುಡಿಯೋದ ಕಿಟಕಿ ಪಕ್ಕದ ಮೇಜಿನ ಖಾನೆಯಲ್ಲಿ ಬಚ್ಚಿಟ್ಟಳು. ಆಪತ್ತಿಗೊಂದು ಇರಲಿ! ಅಣ್ಣ ಒಂದು ವಾರ ಮನೆಯೆಲ್ಲ ಜಾಲಾಡಿದ, ಅತ್ತಿಗೆ ತರಕಾರಿ ಸಿಪ್ಪೆಯ ಜೊತೆ ಎಸೆದಿರಬೇಕೆಂದು ಅವಳ ಮೇಲೆ ಹಾರಾಡಿದ. ಪುಟ್ಟಿ ತುಟಿ ಬಿಚ್ಚಲಿಲ್ಲ. ಕೊನೆಗೆ ಅವನು ನೋಟ್‌ಬುಕ್ಕಿನಲ್ಲಿ ಒಂಬತ್ತರ ಮುಂದೆ 'ಕಾಣೆ' ಎಂದು ಬರೆದು ಎರಡು ದಿನ ಮಂಕಾಗಿ ಕೂತ.

ಇನ್ನು ಅಮ್ಮನ ವಿಷಯ. ಅಪ್ಪ ಊರಿನ ಅರ್ಧ ಜನರ ಮುಖವನ್ನು ಗೋಡೆಗೇರಿಸಿದವನು, ಆದರೆ ಹೆಂಡತಿಯದೊಂದು ಫೋಟೋ ಇರಲಿಲ್ಲ. ಅವನು ಕ್ಯಾಮೆರಾ ಹಿಡಿದಾಗೆಲ್ಲ ಪಕ್ಕದಲ್ಲಿ ಲೈಟು ಹಿಡಿದು ನಿಂತವಳು ಅಮ್ಮನೇ. ಮಕ್ಕಳು ಕರೆದರೆ, "ನಂದೇನು ನೋಡ್ತೀರ, ಹೋಗ್ರೋ," ಎಂದು ಓಡಿಸುತ್ತಿದ್ದಳು. ಮೊಣಕಾಲಿಗಿಳಿಯುವ ಅವಳ ಕೂದಲು ಬಿಚ್ಚಿದ್ದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಈಗ ತಲೆಯೊಳಗೆ ಗಡ್ಡೆಯೆಂದು ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಸ್ಪತ್ರೆಗೆ ಹೋದ ತಕ್ಷಣ ತಲೆ ಪೂರ್ತಿ ಬೋಳಿಸುತ್ತಾರೆ. ಆಮೇಲಿನದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಮ್ಮ ತಾನಾಗಿಯೇ ಮೆಟ್ಟಿಲಿಳಿದು ಬಂದು ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಳು. ಆಸ್ಪತ್ರೆಯ ಚೀಲ ಹಿಡಿದು ಅಣ್ಣ, ಅತ್ತಿಗೆ ಹಿಂದೆಯೇ ಇಳಿದರು. ಅಮ್ಮ ಜಡೆ ಬಿಚ್ಚಿ ಎದೆಯ ಮೇಲೆ ಹರಡಿಕೊಂಡಳು.

"ತೆಗಿಯೇ ಪುಟ್ಟಿ. ಹತ್ತು ನಿಮಿಷದಲ್ಲಿ ಗಾಡಿ ಬರತ್ತೆ. ಮನಸ್ಸು ಬದಲಾಗೋಕ್ಕೆ ಮುಂಚೆ ತೆಗಿ."

ನಲವತ್ತು ವರ್ಷದಿಂದ ಕಾದ ಫೋಟೋ ಇದು. ಪುಟ್ಟಿ ಕ್ಯಾಮೆರಾ ಎತ್ತಿಕೊಂಡು ನೋಡಿದರೆ ಅದರ ಹೊಟ್ಟೆ ಖಾಲಿ. ಅಣ್ಣ ಬ್ಯಾಟರಿಯನ್ನು ಕ್ಯಾಮೆರಾದಲ್ಲೇ ಬಿಟ್ಟರೆ ತಾನೇ!

"ಇರು, ತರ್ತೀನಿ," ಎನ್ನುತ್ತ ಅವನು ಮೆಟ್ಟಿಲ ಕಡೆ ತಿರುಗಿದ.

"ಬೇಡ ಮಾರಾಯ, ನಿನ್ನ ಬ್ಯಾಟರಿ ಬೆವರು ಒರೆಸ್ಕೊಂಡು ಬರೋ ಹೊತ್ತಿಗೆ ಅಮ್ಮ ಆಸ್ಪತ್ರೆ ಸೇರಿರ್ತಾಳೆ," ಎಂದು ಪುಟ್ಟಿ ಮೂಗು ಮುರಿದು, ಗೆದ್ದವಳ ಠೀವಿಯಲ್ಲಿ ಖಾನೆ ಎಳೆದಳು. ಒಂಬತ್ತನೇ ನಂಬರು ಎಂಟು ತಿಂಗಳ ಬಿಸಿಲು ಕುಡಿದು ಅಲ್ಲೇ ಮಲಗಿತ್ತು. ಅದರ ಮೈ ಸ್ವಲ್ಪ ದುಂಡಗಾದಂತೆ ಕಂಡಿತು. ಪುಟ್ಟಿ ನೋಡುತ್ತ ಕೂರಲಿಲ್ಲ, ಕ್ಯಾಮೆರಾದೊಳಕ್ಕೆ ತುರುಕಿದಳು. ಮುಕ್ಕಾಲು ಪಾಲು ಹೋಗಿ ನಿಂತಿತು. ಹೆಬ್ಬೆರಳಿಟ್ಟು ಅದುಮಿದಳು. ಇನ್ನಷ್ಟು ಹೋಗಿ ಕಚ್ಚಿಕೊಂಡಿತು. ಕ್ಯಾಮೆರಾ ಆನ್ ಆಗಲಿಲ್ಲ, ಬ್ಯಾಟರಿ ಹೊರಗೂ ಬರಲಿಲ್ಲ.

ಅಣ್ಣ ಬಗ್ಗಿ ನೋಡಿದ. ನಂಬರಿನ ಚೀಟಿ ಕಂಡಿತು.

"ಒಂಬತ್ತು!" ಎಂದ. ಕಳೆದುಹೋದ ಕರು ಸಿಕ್ಕವನಂತಿತ್ತು ಅವನ ದನಿ. ಆಮೇಲೆ ಜೇಬಿನಿಂದ ಒಂದು ಬ್ಯಾಟರಿ ತೆಗೆದ. "ಅಮ್ಮ ಕೂತ್ರೂ ಕೂರಬಹುದು ಅಂತ ನಿನ್ನೆ ಸಂಜೆನೇ ಹೊರಗೆ ತೆಗೆದು ಫುಲ್ ಚಾರ್ಜ್ ಮಾಡಿಟ್ಟಿದ್ದೆ ಕಣೆ. ಕೊಡೋ ಮುಂಚೆ ನೋಟ್‌ಬುಕ್ಕಲ್ಲಿ ಬರೀಬೇಕಲ್ಲ, ಅದನ್ನೇ ತರೋಕೆ ಹೊರಟಿದ್ದೆ."

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ತಟ್ಟೆಯ ನೊಣ ತೋರಿಸುವವರಿದ್ದಾರಲ್ಲ, ಆ ಸಾಲಿನ ಮೊದಲ ಕುರ್ಚಿ ತನ್ನದೇ ಎಂದು ಪುಟ್ಟಿಗೆ ಗೊತ್ತಾಯಿತು. ಬ್ಯಾಟರಿ ಮೀಟಿ ತೆಗೆಯಲು ಅವಳು ಮೇಜಿನ ಮೇಲಿದ್ದ ಚಾಕುವಿಗೆ ಕೈ ಹಾಕಿದಳು.

"ಚಾಕು ಬೇಡ! ಚುಚ್ಚಿದ್ರೆ ಬೆಂಕಿ ಹತ್ತತ್ತೆ!" ಎಂದು ಅಣ್ಣ ಕೈ ಹಿಡಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನು ದೊಡ್ಡವನಾಗುತ್ತಿದ್ದ. ನಿಲ್ಲಿಸಲಿಲ್ಲ. "ನೋಡು, ಫುಲ್ ಚಾರ್ಜಲ್ಲಿ ತಿಂಗಳುಗಟ್ಟಲೆ ಇಟ್ರೆ, ಅದರ ಮೇಲೆ ಬಿಸಿಲೂ ಬಿದ್ರೆ, ಒಳಗೆ ಗ್ಯಾಸ್ ತುಂಬ್ಕೊಳ್ಳತ್ತೆ. ಅದಕ್ಕೇ ನಾನು ಬಡ್ಕೊಳ್ಳೋದು, ನಲವತ್ತು ಪರ್ಸೆಂಟ್..."

"ಈಗ ಪಾಠ ಬೇಕಾ? ಎಳಿ ಮೊದಲು!"

"ಎಳೆದ್ರೆ ಬರಲ್ಲ. ನೀನು ಕದ್ದಿದ್ದಕ್ಕೆ ಪಾಪ ಅವಳನ್ನ ಬೈದೆ ನಾನು."

"ಫ್ರಿಜ್ಜಲ್ಲಿ ಬ್ಯಾಟರಿ ಇಡೋ ಮನೇಲಿ ಕದೀದೆ ಇನ್ನೇನ್ ಮಾಡ್ಲಿ?"

ಇಬ್ಬರೂ ಕ್ಯಾಮೆರಾದ ಮೇಲೆ ಬಗ್ಗಿ, ಒಬ್ಬರ ಕೈ ಒಬ್ಬರು ತಳ್ಳುತ್ತ, ಉಗುರಿನಿಂದ ಕೆದಕುತ್ತ ಹತ್ತು ನಿಮಿಷವನ್ನೂ ತಿಂದು ಮುಗಿಸಿದರು. ಹೊರಗೆ ಗಾಡಿಯ ಹಾರನ್ ಕೇಳಿತು. ಅಮ್ಮ ಎದ್ದು ಕೂದಲನ್ನು ತುರುಬು ಕಟ್ಟಿದಳು.

"ನಿಮ್ಮಪ್ಪ ಕರೆದಾಗೆಲ್ಲ ರೀಲು ಮುಗಿದಿರ್ತಿತ್ತು. ನೀವು ಅವನ ಮಕ್ಕಳೇ, ಅನುಮಾನ ಇಲ್ಲ," ಎಂದಷ್ಟೇ ಹೇಳಿ ಬಾಗಿಲು ದಾಟಿದಳು. ಪುಟ್ಟಿ ಗಾಡಿಯಲ್ಲಿ ಉದ್ದಕ್ಕೂ ಅತ್ತಳು. ಅಮ್ಮನ ಕೂದಲು ಮಧ್ಯಾಹ್ನಕ್ಕೆ ಆಸ್ಪತ್ರೆಯ ಕಸದ ಬುಟ್ಟಿ ಸೇರಿತು.

ಆಪರೇಷನ್ ಆದ ಮೂರನೇ ದಿನ ಅಮ್ಮ ಕಣ್ಣುಬಿಟ್ಟು, ಗಂಜಿಗೆ ಉಪ್ಪು ಕಡಿಮೆಯೆಂದು ಬೈದಳು. ಅವತ್ತೇ ಅತ್ತಿಗೆ ಸಂಕೋಚದಿಂದ ಒಡೆದ ಗಾಜಿನ ಫೋನನ್ನು ಪುಟ್ಟಿಯ ಮುಂದೆ ಹಿಡಿದಳು. "ನೀವಿಬ್ರೂ ಜಗಳ ಆಡ್ತಿದ್ರಿ. ಚಾರ್ಜು ಮೂರೇ ಪರ್ಸೆಂಟ್ ಇತ್ತು, ಒಂದೇ ಒಂದು ತೆಗೆದೆ. ಚೆನ್ನಾಗಿಲ್ಲ ಅಂದ್ರೆ ಅಳಿಸಿಬಿಡು."

ಕಿಟಕಿಯ ಬೆಳಕಿನಲ್ಲಿ ಅಮ್ಮ, ಮೊಣಕಾಲಿನವರೆಗೆ ಸುರಿದ ಬಿಳಿ ಕೂದಲು. ತುಟಿಯ ಕೊನೆಯಲ್ಲಿ ಇಂಥ ಮಕ್ಕಳನ್ನು ಹೆತ್ತೆನಲ್ಲ ಎಂಬ ನಗು. ಮುಂದುಗಡೆ ಕ್ಯಾಮೆರಾದ ಮೇಲೆ ಬಗ್ಗಿದ ಎರಡು ನೆತ್ತಿ, ಒಂದು ಬಕ್ಕ. ಮೂಲೆಯಲ್ಲಿ ಅತ್ತಿಗೆಯ ಬೆರಳು. ಬೆರಳನ್ನು ಕತ್ತರಿಸಬೇಕೆಂದು ಪುಟ್ಟಿಗೆ ಅನ್ನಿಸಲೇ ಇಲ್ಲ.

ಈಗ ಅದು ಸ್ಟುಡಿಯೋದಲ್ಲಿ ಅಪ್ಪನ ಫೋಟೋಗಳೆಲ್ಲದರ ನಡುವೆ ತೂಗುತ್ತಿದೆ. ಅರ್ಧ ಇಂಚು ಕೂದಲಿನ ಅಮ್ಮ ಅದರ ಕೆಳಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ತೆಗೆದವರು ಯಾರೆಂದು ಬಂದ ಗಿರಾಕಿಗಳು ಕೇಳಿದರೆ, "ನನ್ನ ಸೊಸೆ," ಎನ್ನುತ್ತಾಳೆ.

"ಮತ್ತೆ ಮುಂದೆ ಅಡ್ಡ ಬಂದಿರೋ ಈ ಎರಡು ತಲೆ?"

"ಅವರಾ?" ಎನ್ನುತ್ತಾಳೆ ಅಮ್ಮ, ಪುಟ್ಟಿಗೆ ಕೇಳಿಸುವಂತೆ. "ಅವರು ಫೋಟೋಗ್ರಾಫರ್‌ಗಳು."